ಒಬ್ಬರಿಗೇ ಎಲ್ಲ ಮತ: ಮುಂಬಯಿ ಪ್ರಾಂತ್ಯದ ಸಂಚಿತ ಮತದಾನ ಮತ್ತು ಅದರ ಅಳಿವು (1937–1961)

1937ರ ಫೆಬ್ರವರಿಯಲ್ಲಿ ಮುಂಬಯಿ ಪ್ರಾಂತ್ಯದ ವಿಧಾನಸಭೆಗೆ ಚುನಾವಣೆ ನಡೆಯಿತು. ಠಾಣೆ ಖಾಡಿಯ ದಂಡೆಯ ಹಳ್ಳಿಗಳೂ, ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಸೀಮೆಯ ಹಳ್ಳಿಗಳೂ ಆಗ ಒಂದೇ ಸಭೆಗೆ, ಒಂದೇ ನಿಯಮದ ಕೆಳಗೆ ಮತ ಹಾಕಿದವು. ಆ ಖಾಡಿ ದಂಡೆಯ ತುರ್ಭೆ ಎಂದರೆ ಇಂದು ಸಗಟು ಮಾರುಕಟ್ಟೆ, ಕೈಗಾರಿಕಾ ವಸಾಹತು, ಲಾರಿಗಳ ಸಾಲು. ನವಿ ಮುಂಬಯಿ ಹುಟ್ಟುವ ಮೊದಲು ಆ ದಂಡೆಯಲ್ಲಿ ಇದ್ದದ್ದು ಆಗ್ರಿ ಮತ್ತು ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಆಗರ, ಮೀನುಗಾರಿಕೆ. ಈ ಕೊಂಕಣಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ 1956ರವರೆಗೆ ಇದ್ದ ಆಡಳಿತದ ನಂಟನ್ನು ಏಕೀಕರಣದ ಇತಿಹಾಸ ಬರೆದವರು ದೂರದ ಮುಂಬಯಿಯ ಅಲಕ್ಷ್ಯದ ಕಥೆಯಾಗಿ ಹೇಳಿದ್ದಾರೆ. ಅದು ಸರಿಯಾದ ದೂರೇ. ಆದರೆ ಆ ನಂಟಿನೊಳಗೆ ಇನ್ನೊಂದು ಸಂಗತಿಯಿತ್ತು. ಅಲ್ಪಸಂಖ್ಯಾತರ ದನಿ ಸಭೆಯನ್ನು ಮುಟ್ಟಲು ದಾರಿ ಮಾಡಿಕೊಟ್ಟ ಒಂದು ಮತದಾನ ಪದ್ಧತಿ ಅದು. ಕೊಂಕಣದವರೂ ಕನ್ನಡ ಜಿಲ್ಲೆಗಳವರೂ ಅದನ್ನು ಒಟ್ಟಿಗೆ ಬಳಸಿದರು, ಒಟ್ಟಿಗೆ ಕಳೆದುಕೊಂಡರು. ಆ ನಷ್ಟ ಗದ್ದಲವಿಲ್ಲದೆ, ಒಂದು ಕಲಮಿನ ಮೂಲಕ ಆಯಿತು. ಭಾಷಾವಾರು ರಾಜ್ಯಗಳಲ್ಲಿ ಬದುಕುವ ಭಾಷಾ ಅಲ್ಪಸಂಖ್ಯಾತರಿಗೆ ಆ ನಷ್ಟ ಎಲ್ಲರಿಗಿಂತ ಹೆಚ್ಚು ತಟ್ಟಿದೆ ಎಂಬುದು ಈ ಲೇಖನದ ವಾದ.

1935ರ ಕಾಯ್ದೆಯ ಸಭೆ

1935ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಮುಂಬಯಿ ವಿಧಾನಸಭೆಗೆ 175 ಸ್ಥಾನ. ಅದರಲ್ಲಿ ಸಾಮಾನ್ಯ ಸ್ಥಾನಗಳು 114. ಈ 114ರ ಒಳಗೇ ಪರಿಶಿಷ್ಟ ಜಾತಿಗಳಿಗೆ 15, ಮರಾಠರಿಗೆ 7 ಮೀಸಲು. ಮುಸ್ಲಿಮರಿಗೆ 29, ಕಾರ್ಮಿಕರಿಗೆ 7, ವಾಣಿಜ್ಯ ಮತ್ತು ಉದ್ಯಮಕ್ಕೆ 7, ಮಹಿಳೆಯರಿಗೆ 6. ಉಳಿದವು ಯುರೋಪಿಯನ್, ಆಂಗ್ಲೋ ಇಂಡಿಯನ್, ಭಾರತೀಯ ಕ್ರೈಸ್ತ, ಜಮೀನುದಾರ, ವಿಶ್ವವಿದ್ಯಾಲಯ, ಹಿಂದುಳಿದ ಪ್ರದೇಶ ಎಂದು ಹಂಚಿಹೋಗಿದ್ದವು. ಮತದ ಹಕ್ಕು ಎಲ್ಲರಿಗೂ ಇರಲಿಲ್ಲ. ಕಂದಾಯ, ತೆರಿಗೆ, ವಿದ್ಯೆ ಇಂಥ ಅರ್ಹತೆಗಳ ಜರಡಿಯಲ್ಲಿ ಉಳಿದವರಿಗೆ ಮಾತ್ರ ಇತ್ತು.

ಪರಿಶಿಷ್ಟರ ಮೀಸಲು ಸ್ಥಾನಗಳು 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದ ಫಲ. ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರ್ ಹಿಡಿದ ಹಟ ಗಾಂಧೀಜಿಯವರ ಉಪವಾಸದ ಮುಂದೆ ಸಡಿಲವಾಗಿ, ಮೀಸಲು ಸ್ಥಾನಗಳ ಸಂಖ್ಯೆ ಹೆಚ್ಚಿತು, ಮತಕ್ಷೇತ್ರ ಮಾತ್ರ ಜಂಟಿಯಾಯಿತು. ಅಂದರೆ ಪರಿಶಿಷ್ಟರ ಪ್ರತಿನಿಧಿಯನ್ನು ಆರಿಸುವವರಲ್ಲಿ ಸವರ್ಣ ಮತದಾರರೇ ಹೆಚ್ಚು. ಒಪ್ಪಂದದಲ್ಲಿ ಪ್ರಾಥಮಿಕ ಚುನಾವಣೆಯ ಏರ್ಪಾಡಿತ್ತು: ಪರಿಶಿಷ್ಟ ಮತದಾರರು ಮೊದಲು ನಾಲ್ವರನ್ನು ಆರಿಸುತ್ತಾರೆ, ಅವರಲ್ಲೊಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸುತ್ತಾರೆ. ನಾಲ್ವರಲ್ಲಿ ಯಾರು ಗೆಲ್ಲಬೇಕೆಂದು ತೀರ್ಮಾನಿಸುವುದು ಯಾರ ಕೈ ಎಂಬುದೇ ಮುಂದಿನ ಜಗಳ. ಅದರ ಉತ್ತರ ಒಪ್ಪಂದದಲ್ಲಿರಲಿಲ್ಲ, ಮತ ಹಾಕುವ ವಿಧಾನದಲ್ಲಿತ್ತು.

ಮತವನ್ನು ಕೂಡಿಡುವುದು

ಮುಂಬಯಿ ಪ್ರಾಂತ್ಯದ ಸಾಮಾನ್ಯ ಕ್ಷೇತ್ರಗಳಲ್ಲಿ ಅನೇಕವು ಬಹುಸದಸ್ಯ ಕ್ಷೇತ್ರಗಳು. ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಅವನ್ನು ಬೇರೆ ಬೇರೆ ಅಭ್ಯರ್ಥಿಗಳಿಗೆ ಹಂಚಬಹುದು. ಮನಸ್ಸಿದ್ದರೆ ಅಷ್ಟನ್ನೂ ಒಬ್ಬರಿಗೇ ಕೊಡಬಹುದು. ಇದೇ ಸಂಚಿತ ಮತದಾನ. ಇಂಗ್ಲೆಂಡಿನ ಶಾಲಾ ಮಂಡಳಿಗಳಿಗೆ 1870ರಿಂದ, ಅಮೆರಿಕದ ಇಲಿನಾಯ್ ರಾಜ್ಯದ ಕೆಳಮನೆಗೆ 1870ರ ಸಂವಿಧಾನದಿಂದ 1980ರವರೆಗೆ ಇದೇ ಪದ್ಧತಿಯಿತ್ತು. ಶಾಸ್ತ್ರದ ಮಾತಿನಲ್ಲಿ ಇದನ್ನು ಅರೆ ಪ್ರಮಾಣಾನುಗುಣ ಪ್ರಾತಿನಿಧ್ಯ ಎನ್ನುತ್ತಾರೆ. ಪಕ್ಷಗಳ ಪಟ್ಟಿಯಾಗಲಿ, ಉಳಿಕೆ ಮತಗಳ ವರ್ಗಾವಣೆಯಾಗಲಿ ಇಲ್ಲದೆಯೇ ಸಂಖ್ಯೆಯ ಪ್ರಮಾಣಕ್ಕೆ ಹತ್ತಿರದ ಫಲ ಕೊಡುವ ವಿಧಾನವಿದು.

ಲೆಕ್ಕ ಹಾಕಿ ನೋಡಿದರೆ ಅದರ ಬಲ ತಿಳಿಯುತ್ತದೆ. ಮೂರು ಸ್ಥಾನದ ಕ್ಷೇತ್ರದಲ್ಲಿ 12,000 ಮಂದಿ ಮತ ಹಾಕಿದರೆಂದು ಇಟ್ಟುಕೊಳ್ಳೋಣ. ಅವರಲ್ಲಿ 3,100 ಮಂದಿ ಒಂದು ಸಣ್ಣ ಸಮುದಾಯದವರು, 8,900 ಮಂದಿ ಬಹುಸಂಖ್ಯಾತರು. ಪ್ರತಿ ಅಭ್ಯರ್ಥಿಗೆ ಒಂದೇ ಮತ ಎಂಬ ಹಂಚಿಕೆ ನಿಯಮವಿದ್ದರೆ ಬಹುಸಂಖ್ಯಾತರ ಮೂವರಿಗೂ ತಲಾ 8,900 ಬಿದ್ದು ಮೂರೂ ಸ್ಥಾನ ಅವರ ಪಾಲಾಗುತ್ತವೆ. ಸಣ್ಣ ಸಮುದಾಯದ ಅಭ್ಯರ್ಥಿ 3,100ಕ್ಕೇ ನಿಲ್ಲುತ್ತಾರೆ. ಸಂಚಿತ ನಿಯಮದಲ್ಲಿ ಆ 3,100 ಮಂದಿ ತಮ್ಮ ಮೂರು ಮೂರು ಮತವನ್ನೂ ಒಬ್ಬರ ಮೇಲೆ ಸುರಿದರೆ 9,300 ಆಗುತ್ತದೆ. ಬಹುಸಂಖ್ಯಾತರು ಮೂವರನ್ನು ನಿಲ್ಲಿಸಿ ಮತ ಸಮನಾಗಿ ಹಂಚಿದರೆ ತಲಾ 8,900 ಮಾತ್ರ. ಒಂದು ಸ್ಥಾನ ಸಣ್ಣವರಿಗೆ ಖಚಿತ. ಮೂರು ಸ್ಥಾನವಿದ್ದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ನಾಲ್ಕು ಸ್ಥಾನವಿದ್ದಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜನ ಒಗ್ಗಟ್ಟಾದರೆ ಸಾಕು. ಇದಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ, ಪ್ರತ್ಯೇಕ ಮತಪಟ್ಟಿಯೂ ಬೇಕಿಲ್ಲ.

ಕ್ಷೇತ್ರಗಳನ್ನು ಗೊತ್ತುಮಾಡಲು ಸರ್ ಲಾರಿ ಹ್ಯಾಮಂಡ್ ಅಧ್ಯಕ್ಷತೆಯ ಸಮಿತಿ ಕೂತಾಗ ಈ ವಿಧಾನದ ಬಗ್ಗೆ ಹಗ್ಗಜಗ್ಗಾಟ ನಡೆಯಿತು. ಅಂಬೇಡ್ಕರ್ ತಮ್ಮ 1945ರ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾರೆ. ಸವರ್ಣ ಮುಖಂಡರಿಗೆ ಹಂಚಿಕೆ ಮತ ಬೇಕಿತ್ತು, ಪರಿಶಿಷ್ಟರಿಗೆ ಸಂಚಿತ ಮತ. ಕಾರಣ ಸೂಕ್ಷ್ಮವಾದದ್ದು. ಹಂಚಿಕೆ ನಿಯಮದಲ್ಲಿ ಸವರ್ಣ ಮತದಾರ ತನ್ನವನಿಗೆ ಒಂದು ಮತ ಕೊಟ್ಟ ಮೇಲೆ ಅವನ ಕೈಯಲ್ಲಿ ಇನ್ನೊಂದು ಮತ ಮಿಗುತ್ತದೆ. ಆ ಮಿಕ್ಕ ಮತಗಳ ಪ್ರವಾಹ ಮೀಸಲು ಸ್ಥಾನದ ಕಡೆಗೆ ಹರಿದು, ಪರಿಶಿಷ್ಟರು ಬಯಸದ ಪರಿಶಿಷ್ಟ ಅಭ್ಯರ್ಥಿಯನ್ನು ಗೆಲ್ಲಿಸಬಲ್ಲದು. ಸಂಚಿತ ನಿಯಮವಿದ್ದರೆ ಸವರ್ಣ ಅಭ್ಯರ್ಥಿಗಳು ತಮ್ಮ ತಮ್ಮಲ್ಲೇ ಸೆಣಸುತ್ತ ಮತಗಳನ್ನು ತಮಗೇ ಕೂಡಿಸಿಕೊಳ್ಳುತ್ತಾರೆ. ಮೀಸಲು ಸ್ಥಾನದ ಮೇಲೆ ಹರಿಯಲು ಹೆಚ್ಚು ಉಳಿಯುವುದಿಲ್ಲ. ಪುಣೆಯಲ್ಲಿ ಬಿಟ್ಟುಕೊಟ್ಟದ್ದರ ಒಂದಂಶವನ್ನು ಅಂಬೇಡ್ಕರ್ ಈ ನಿಯಮದ ಮೂಲಕ ಮರಳಿ ಪಡೆದರು ಎಂದು ನನಗನ್ನಿಸುತ್ತದೆ. ಪುಣೆ ಒಪ್ಪಂದದ ಬಗ್ಗೆ ಕನ್ನಡದಲ್ಲಿ ಇಷ್ಟೊಂದು ಬರೆದಿರುವ ನಾವು ಈ ಎರಡನೇ ಅಧ್ಯಾಯವನ್ನು ಓದದೇ ಬಿಟ್ಟಿರುವುದು ಸರಿಯಲ್ಲ.

ನಿಪ್ಪಾಣಿಯಿಂದ ಪರಳದವರೆಗೆ

1936ರ ಆಗಸ್ಟ್‌ನಲ್ಲಿ ಅಂಬೇಡ್ಕರ್ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. ಚುನಾವಣೆಗೆ ಉಳಿದದ್ದು ಆರೇ ತಿಂಗಳು. ಕೈಯಲ್ಲಿ ಹಣವಿಲ್ಲ, ಜಿಲ್ಲೆ ಜಿಲ್ಲೆಗೆ ಕಚೇರಿಯಿಲ್ಲ. ಆದರೂ ಪಕ್ಷ 13 ಮೀಸಲು ಮತ್ತು 4 ಸಾಮಾನ್ಯ ಸ್ಥಾನಗಳಿಗೆ ನಿಂತು ಕ್ರಮವಾಗಿ 11 ಮತ್ತು 3ನ್ನು ಗೆದ್ದಿತು. ಪ್ರಾಂತ್ಯವಿಡೀ ಕಾಂಗ್ರೆಸ್ಸಿನ ಅಲೆಯಿದ್ದ ವರ್ಷ ಅದು. ಎಲ್ಲ ಬಲವಿದ್ದ ಕಾಂಗ್ರೆಸ್ಸೇ 175ರಲ್ಲಿ 86ಕ್ಕೆ ನಿಂತು, ಬಹುಮತಕ್ಕೆ ಎರಡು ಸ್ಥಾನ ಕಡಿಮೆ ಪಡೆಯಿತು. ಸಂಚಿತ ಮತವಿಲ್ಲದಿದ್ದರೆ ಈ ಎರಡೂ ಸಂಖ್ಯೆಗಳು ಬೇರೆಯಾಗುತ್ತಿದ್ದವು. ಹದಿನೇಳಕ್ಕೆ ಹದಿನಾಲ್ಕು ಗೆದ್ದದ್ದು ಅಂಬೇಡ್ಕರರ ಹೆಸರಿನಿಂದ ಮಾತ್ರ ಎಂದು ಹೇಳಿದರೆ, ಮತದಾರರು ತಮ್ಮ ಕೈಯಲ್ಲಿದ್ದ ಸಲಕರಣೆಯನ್ನು ಅರಿತು ಬಳಸಿದ ಜಾಣ್ಮೆಗೆ ನಾವು ಮೋಸ ಮಾಡಿದಂತೆ.

ಕನ್ನಡ ಜಿಲ್ಲೆಗಳಲ್ಲಿ ಇದರ ಮುಖ ಬೆಳಗಾವಿಯ ಬಳವಂತರಾವ್ ಹನುಮಂತರಾವ್ ವರಾಳೆ. ನಿಪ್ಪಾಣಿ ಕಡೆಯ ಅವರು ಧಾರವಾಡದಲ್ಲಿ ಅಂಬೇಡ್ಕರ್ ಪ್ರೇರಣೆಯಿಂದ ನಡೆಯುತ್ತಿದ್ದ ದಲಿತ ವಿದ್ಯಾರ್ಥಿಗಳ ನಿಲಯದ ಹೊಣೆ ಹೊತ್ತವರು. 1937ರಲ್ಲಿ ಬೆಳಗಾವಿ ಜಿಲ್ಲೆಯಿಂದ ಸ್ವತಂತ್ರ ಕಾರ್ಮಿಕ ಪಕ್ಷದ ಶಾಸಕರಾದರು. ಮಹಾರಾಷ್ಟ್ರದಲ್ಲಿ ಅವರು ಬಾಬಾಸಾಹೇಬರ ಒಡನಾಡಿಯಾಗಿ, ತಮ್ಮ ನೆನಪಿನ ಪುಸ್ತಕದ ಮೂಲಕ ಪರಿಚಿತರು. ಕರ್ನಾಟಕದ ರಾಜಕೀಯ ಇತಿಹಾಸಗಳಲ್ಲಿ ಅವರಿಗೆ ಒಂದು ಪುಟ ಸಿಕ್ಕರೆ ಹೆಚ್ಚು.

ಕೊಂಕಣದ ಕಡೆ ಇನ್ನೊಂದು ಬಗೆಯ ಗೆಲುವು ಕಾಣುತ್ತದೆ. ಅಲ್ಲಿ ಪಕ್ಷದಿಂದ ಗೆದ್ದವರಲ್ಲಿ ಅನಂತರಾವ್ ಚಿತ್ರೆ, ಸುರೇಂದ್ರನಾಥ ಟಿಪ್ಣಿಸ್ ಅವರಂಥ ಸವರ್ಣ ಸಹಕಾರಿಗಳಿದ್ದರು. ಟಿಪ್ಣಿಸರು 1927ರ ಮಹಾಡ ಚವದಾರ್ ಕೆರೆ ಸತ್ಯಾಗ್ರಹದ ಕಾಲದಿಂದ ಜತೆಗಿದ್ದವರು. ಇವರನ್ನು ಗೆಲ್ಲಿಸಿದ್ದು ದಲಿತರ ಮತ ಮಾತ್ರವಲ್ಲ; ಖೋತಿ ಪದ್ಧತಿಯ ಕೆಳಗೆ ಬೆಂದ ಗೇಣಿದಾರ ಕುಣಬಿಗಳ, ಆಗ್ರಿಗಳ ಅಸಮಾಧಾನವೂ ಅದರ ಹಿಂದಿತ್ತು. ಸರ್ಕಾರಕ್ಕೂ ರೈತನಿಗೂ ನಡುವೆ ನಿಂತು ಕಂದಾಯ ವಸೂಲಿ ಮಾಡುವ ಖೋತರ ಹಿಡಿತ ರತ್ನಾಗಿರಿಯಲ್ಲಿ ಹೆಚ್ಚು, ಕೊಲಾಬಾ, ಠಾಣೆಗಳ ಕೆಲವೆಡೆಗಳಲ್ಲೂ ಇತ್ತು. ಕೊಲಾಬಾದ ಚರಿಯಲ್ಲಿ ನಾರಾಯಣ ನಾಗು ಪಾಟೀಲರ ನೇತೃತ್ವದಲ್ಲಿ ರೈತರು 1933ರಿಂದ ಗೇಯ್ಮೆ ನಿಲ್ಲಿಸಿ ಕೂತಿದ್ದರು. ಸಭೆ ಸೇರಿದ ಕೆಲವೇ ತಿಂಗಳಲ್ಲಿ, 1937ರ ಸೆಪ್ಟೆಂಬರ್ 17ರಂದು, ಅಂಬೇಡ್ಕರ್ ಖೋತಿ ರದ್ದತಿ ಮಸೂದೆಯನ್ನು ಮಂಡಿಸಿದರು. 1938ರ ಜನವರಿಯಲ್ಲಿ ಕೊಂಕಣದ ಸಾವಿರಾರು ರೈತರು ಮುಂಬಯಿಯ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಮಸೂದೆ ಆಗ ಕಾಯ್ದೆಯಾಗಲಿಲ್ಲ. ಖೋತಿ ಹೋದದ್ದು ಸ್ವಾತಂತ್ರ್ಯದ ನಂತರ. ಆದರೆ ಅದನ್ನು ಸಭೆಯ ಮೇಜಿನ ಮೇಲೆ ಇಡಲು ಹದಿನಾಲ್ಕು ಜನ ಒಳಗಿದ್ದರು ಎಂಬುದು ಮುಖ್ಯ.

ಅಂಬೇಡ್ಕರ್ ಸ್ವತಃ ನಿಂತದ್ದು ಮುಂಬಯಿ ನಗರದ ಭಾಯಖಳಾ ಮತ್ತು ಪರಳ ಕ್ಷೇತ್ರದಲ್ಲಿ. ಕಾಂಗ್ರೆಸ್ ಅವರ ಎದುರು ನಿಲ್ಲಿಸಿದ್ದು ಪಾಲವಣಕರ್ ಬಾಳೂ ಅವರನ್ನು. ನಮ್ಮ ಧಾರವಾಡದಲ್ಲಿ ಹುಟ್ಟಿದ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್, ದಲಿತ ಸಮುದಾಯದ ಮೊದಲ ದೊಡ್ಡ ಕ್ರೀಡಾಪಟು ಅವರು. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ಇಷ್ಟು ಹತ್ತಿರದ ಅಂತರವೇ ಹೇಳುತ್ತದೆ: ಸಾಮಾನ್ಯ ಮತದಾರರ ಮಿಕ್ಕ ಮತಗಳು ಪೂರ್ತಿ ಬಾಳೂ ಕಡೆ ಹರಿಯುವ ನಿಯಮವಿದ್ದಿದ್ದರೆ, ಸಂವಿಧಾನ ಕರಡು ಸಮಿತಿಯ ಮುಂದಿನ ಅಧ್ಯಕ್ಷರು ತಮ್ಮ ಮನೆಯಂಗಳದಲ್ಲೇ 1937ರಲ್ಲಿ ಸೋಲುವ ಸಂಭವ ದೊಡ್ಡದಿತ್ತು.

ನಿಯಮವೊಂದೇ ಎಲ್ಲವನ್ನೂ ಮಾಡುವುದಿಲ್ಲ ಎಂಬುದಕ್ಕೆ 1946ರ ಚುನಾವಣೆ ಸಾಕ್ಷಿ. ಮುಂಬಯಿ ಪ್ರಾಂತ್ಯದಲ್ಲಿ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ಕಾಂಗ್ರೆಸ್ಸಿನ ಸಂಘಟನೆ ಅಷ್ಟು ಗಟ್ಟಿಯಿತ್ತು. ಆ ವರ್ಷ ಅವರನ್ನು ಸಂವಿಧಾನ ಸಭೆಗೆ ಕರೆತಂದದ್ದು ಇನ್ನೊಂದು ಪ್ರಮಾಣಾನುಗುಣ ವಿಧಾನವೇ. ಪ್ರಾಂತ್ಯಗಳ ಶಾಸಕರು ಏಕ ವರ್ಗಾವಣೀಯ ಮತದಿಂದ ಸಂವಿಧಾನ ಸಭೆಯ ಸದಸ್ಯರನ್ನು ಆರಿಸಿದರು. ಬಂಗಾಳದಲ್ಲಿ ಜೋಗೇಂದ್ರನಾಥ ಮಂಡಲ್ ಮತ್ತು ಬೆರಳೆಣಿಕೆಯ ಶಾಸಕರ ಮೊದಲ ಪ್ರಾಶಸ್ತ್ಯ ಅವರಿಗೆ ಸಾಕಾಯಿತು. ಬಂಗಾಳ ಒಡೆದ ಮೇಲೆ 1947ರ ಜುಲೈನಲ್ಲಿ ಎಂ. ಆರ್. ಜಯಕರ್ ತೆರವು ಮಾಡಿದ ಸ್ಥಾನಕ್ಕೆ ಮುಂಬಯಿಯಿಂದ ಬಂದರು. ರಂಗರಾವ್ ದಿವಾಕರ್, ನಿಜಲಿಂಗಪ್ಪ ಅವರೂ ಸಂವಿಧಾನ ಸಭೆಯಲ್ಲಿ ಕೂತದ್ದು ಮುಂಬಯಿ ಪ್ರಾಂತ್ಯದ ಪ್ರತಿನಿಧಿಗಳಾಗಿಯೇ.

ಒಂದು ಕಲಮು

1949ರ ಜನವರಿಯಲ್ಲಿ ಸಂವಿಧಾನ ಸಭೆ ಲೋಕಸಭೆಯ ರಚನೆಯನ್ನು ಚರ್ಚಿಸುವಾಗ ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದರು: ಬಹುಸದಸ್ಯ ಕ್ಷೇತ್ರಗಳು ಇರಲಿ, ಸಂಚಿತ ಮತದಿಂದ ಪ್ರಮಾಣಾನುಗುಣ ಪ್ರಾತಿನಿಧ್ಯ ಇರಲಿ. ಅದನ್ನು ವಿರೋಧಿಸಿ ಉತ್ತರ ಕೊಟ್ಟವರು ಅಂಬೇಡ್ಕರರೇ. ಪ್ರಮಾಣಾನುಗುಣ ಪದ್ಧತಿಗೆ ಮತದಾರ ಕನಿಷ್ಠ ಅಂಕಿಗಳನ್ನಾದರೂ ಓದಬೇಕು, ನಮ್ಮ ದೇಶದ ಸಾಕ್ಷರತೆ ಅದಕ್ಕೆ ಸಾಲದು. ಸಣ್ಣ ಸಣ್ಣ ಗುಂಪುಗಳು ಹುಟ್ಟಿ ಸರ್ಕಾರ ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದು ಅವರ ವಾದದ ತಿರುಳು. ಮೊದಲ ಆಕ್ಷೇಪ ಏಕ ವರ್ಗಾವಣೀಯ ಮತಕ್ಕೆ ಒಪ್ಪುತ್ತದೆ, ಅಲ್ಲಿ ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಸಂಚಿತ ಮತಕ್ಕೆ ಅದು ಒಪ್ಪುವುದಿಲ್ಲ; ಇರುವ ಚೀಟಿಗಳನ್ನು ಒಂದೇ ಪೆಟ್ಟಿಗೆಗೆ ಹಾಕಲು ಅಕ್ಷರ ಬೇಕಿಲ್ಲ. ಹೊಸ ರಾಷ್ಟ್ರಕ್ಕೆ ಗಟ್ಟಿ ಸರ್ಕಾರ ಬೇಕೆಂಬ ಆತಂಕ ಆ ದಿನ ಗೆದ್ದಿತು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಬಳಿಕ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಬಂತು. ಅದರ 63ನೇ ಕಲಮಿನಲ್ಲಿ, ಬಹುಸದಸ್ಯ ಕ್ಷೇತ್ರದ ಮತದಾರನಿಗೆ ಸ್ಥಾನಗಳಷ್ಟೇ ಮತವಿದೆ, ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಕೊಡುವಂತಿಲ್ಲ, ಕೊಟ್ಟರೆ ಹೆಚ್ಚಿನ ಮತ ಅಸಿಂಧು ಎಂದು ಬರೆಯಲಾಯಿತು. ಹ್ಯಾಮಂಡ್ ಸಮಿತಿಯ ಮುಂದೆ ಸೋತಿದ್ದ ಹಂಚಿಕೆ ಮತ ಹದಿನೈದು ವರ್ಷದ ಮೇಲೆ ಹೀಗೆ ಗೆದ್ದಿತು. ಮೊದಲ ಲೋಕಸಭೆಯ 401 ಕ್ಷೇತ್ರಗಳಲ್ಲಿ 86 ದ್ವಿಸದಸ್ಯ, ಒಂದು ತ್ರಿಸದಸ್ಯ.

ಆ ಕಲಮಿಗೆ ಮೊದಲು ಬಲಿಯಾದವರಲ್ಲಿ ಅಂಬೇಡ್ಕರ್ ಒಬ್ಬರು. 1952ರಲ್ಲಿ ಮುಂಬಯಿ ನಗರ ಉತ್ತರ ದ್ವಿಸದಸ್ಯ ಕ್ಷೇತ್ರದ ಮೀಸಲು ಸ್ಥಾನದಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜರೋಳಕರ್ 1,38,137 ಮತ ಪಡೆದರು, ಅಂಬೇಡ್ಕರ್ 1,23,576. ಸಾಮಾನ್ಯ ಸ್ಥಾನ ಕಾಂಗ್ರೆಸ್ಸಿನ ವಿ. ಬಿ. ಗಾಂಧಿಯವರಿಗೆ ಹೋಯಿತು. ಅಂಬೇಡ್ಕರರ ಜತೆ ಮೈತ್ರಿಯಲ್ಲಿ ನಿಂತು ಸೋತ ಸಮಾಜವಾದಿ ಅಶೋಕ ಮೆಹತಾ ಅವರೂ ಅಂಬೇಡ್ಕರರೂ ಚುನಾವಣಾ ತಕರಾರು ಅರ್ಜಿ ಹಾಕಿದರು. ಎರಡೂ ಚೀಟಿಯನ್ನು ಒಬ್ಬರಿಗೇ ಹಾಕಿ ಒಂದನ್ನು ವ್ಯರ್ಥ ಮಾಡಿ ಎಂದು ಕಮ್ಯುನಿಸ್ಟರು ಪ್ರಚಾರ ಮಾಡಿದ್ದರಿಂದ 74,333 ಮತಗಳು ಎಣಿಕೆಗೆ ಬರದೇ ಹೋದವು ಎಂಬುದು ಅರ್ಜಿಯ ಆರೋಪ. ಫಲಿತಾಂಶ ಬದಲಾಗಲಿಲ್ಲ.

ಆ 74,333 ಎಂಬ ಸಂಖ್ಯೆಯನ್ನು ಜೀವನಚರಿತ್ರೆಕಾರರು ಪಿತೂರಿಯ ಲೆಕ್ಕದಲ್ಲಿ ಇಡುತ್ತಾರೆ. ಅದನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. 1952ರಲ್ಲಿ ಪ್ರತಿ ಅಭ್ಯರ್ಥಿಗೂ ತನ್ನ ಚಿಹ್ನೆಯ ಪ್ರತ್ಯೇಕ ಪೆಟ್ಟಿಗೆ. ಮತದಾರನ ಕೈಯಲ್ಲಿ ಎರಡು ಚೀಟಿ. ಪರಳ, ಲಾಲಬಾಗ್ ಕಡೆಯ ಹಳೆಯ ಮತದಾರ ಹದಿನೈದು ವರ್ಷದ ಕೆಳಗೆ ತನ್ನ ಎಲ್ಲ ಮತವನ್ನೂ ತನ್ನ ನಾಯಕನಿಗೇ ಹಾಕಿದ್ದ, ಆಗ ಅದು ಕಾನೂನುಬದ್ಧ. ಈಗ ಅದನ್ನೇ ಮಾಡಿದರೆ ಎರಡನೇ ಮತ ಸತ್ತಿತು. ವಯಸ್ಕ ಮತಾಧಿಕಾರ ಬಂದು ಹೊಸಬರು ಲಕ್ಷಗಟ್ಟಲೆ ಸೇರಿದ್ದರು, ನಿಜ. ಆದರೂ ಒಂದು ಊರಿನ ರಾಜಕೀಯ ರೂಢಿ ಹೊಸಬರಿಗೂ ಬಾಯಿಂದ ಬಾಯಿಗೆ ಹರಿಯುತ್ತದೆ. ಮತದಾರ ಅಜ್ಞಾನದಿಂದ ಮತ ಕೆಡಿಸಿದ ಎನ್ನುವ ಮೊದಲು, ರಾಜ್ಯವೇ ಅವನಿಗೆ ಕಲಿಸಿದ ವಿಧಾನವನ್ನು ರಾಜ್ಯವೇ ಅಸಿಂಧು ಮಾಡಿತ್ತು ಎಂಬುದನ್ನು ಒಪ್ಪಬೇಕು.

ಹಂಚಿಕೆ ಮತ ಇಡೀ ಕ್ಷೇತ್ರವನ್ನು ಒಂದೇ ಕಡೆಗೆ ವಾಲಿಸುತ್ತದೆ ಎಂಬುದಕ್ಕೆ ಠಾಣೆಯೇ ಉದಾಹರಣೆ. 1957ರಲ್ಲಿ ಠಾಣೆ ದ್ವಿಸದಸ್ಯ ಲೋಕಸಭಾ ಕ್ಷೇತ್ರದ ಎರಡೂ ಸ್ಥಾನಗಳು ಭಾರತೀಯ ಕಮ್ಯುನಿಸ್ಟ್ ಪಕ್ಷಕ್ಕೆ ಹೋದವು: ಶಾಮರಾವ್ ಪರುಳೇಕರ್ ಮತ್ತು ಲಕ್ಷ್ಮಣ ಮಹಾದು ಮಾತೇರಾ. ಪರುಳೇಕರ್ ಹಿಂದೆ ಸ್ವತಂತ್ರ ಕಾರ್ಮಿಕ ಪಕ್ಷದಲ್ಲಿದ್ದು, ಆಮೇಲೆ ಗೋದಾವರಿ ಪರುಳೇಕರರ ಜತೆ ವಾರ್ಲಿಗಳ ಹೋರಾಟ ಕಟ್ಟಿದವರು. ಸಂಯುಕ್ತ ಮಹಾರಾಷ್ಟ್ರದ ಅಲೆಯಲ್ಲಿ ಕಾಂಗ್ರೆಸ್ ಮತದಾರರ ದೊಡ್ಡ ಭಾಗಕ್ಕೆ ಅಲ್ಲಿ ಪ್ರತಿನಿಧಿಯೇ ಇಲ್ಲವಾಯಿತು. ನಿಯಮದ ದೋಷ ಯಾರ ಪರವಾಗಿ ಕೆಲಸ ಮಾಡಿದರೂ ದೋಷವೇ. 1961ರ ಕಾಯ್ದೆ ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದು ಮಾಡಿತು. ಪ್ರಶ್ನೆಯೂ ಅದರೊಂದಿಗೆ ಕಡತ ಸೇರಿತು.

1955ರ ಸಲಹೆ

ಅಂಬೇಡ್ಕರ್ 1949ರ ಮಾತಿಗೆ ಅಂಟಿಕೊಂಡು ಕೂರಲಿಲ್ಲ. 1955ರ ಕೊನೆಯಲ್ಲಿ ಅವರು ಭಾಷಾವಾರು ರಾಜ್ಯಗಳ ಕುರಿತ ತಮ್ಮ ಪುಸ್ತಿಕೆಯನ್ನು ಹೊರತಂದರು. 1938ರಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತ್ಯದ ನಿರ್ಣಯವನ್ನು ಮುಂಬಯಿ ಸಭೆಯಲ್ಲಿ ವಿರೋಧಿಸಿದ್ದ ಅವರು ಈಗ ಒಂದು ರಾಜ್ಯಕ್ಕೆ ಒಂದು ಭಾಷೆ ಎಂಬ ತತ್ವವನ್ನು ಷರತ್ತುಗಳೊಂದಿಗೆ ಒಪ್ಪಿದ್ದರು. ಒಂದೇ ಭಾಷೆಯ ರಾಜ್ಯದಲ್ಲಿ ಒಂದೇ ದೊಡ್ಡ ಜಾತಿ ಯಜಮಾನಿಕೆ ನಡೆಸುತ್ತದೆ, ಸಣ್ಣ ಸಮುದಾಯಗಳು ಉಸಿರುಗಟ್ಟುತ್ತವೆ ಎಂಬುದು ಅವರ ಭಯ. ಅದಕ್ಕೆ ಅವರು ಸೂಚಿಸಿದ ರಕ್ಷಣೆಗಳಲ್ಲಿ ಒಂದು: ಏಕಸದಸ್ಯ ಕ್ಷೇತ್ರಗಳ ಬದಲು ಎರಡು ಅಥವಾ ಮೂರು ಸದಸ್ಯರ ಕ್ಷೇತ್ರಗಳು, ಅಲ್ಲಿ ಸಂಚಿತ ಮತ. 1937ರಲ್ಲಿ ಗೆಲ್ಲಿಸಿದ, 1952ರಲ್ಲಿ ಕೈತಪ್ಪಿದ ನಿಯಮವನ್ನೇ ಅವರು ಮರಳಿ ಕೇಳಿದರು.

ಈ ಸಲಹೆಯನ್ನು ಜಾತಿಯ ಸಂದರ್ಭದಲ್ಲಿ ಮಾತ್ರ ಓದುವುದು ರೂಢಿ. ಆದರೆ 1956ರ ನವೆಂಬರ್ 1ರಂದು ಗಡಿ ಎಳೆದಾಗ ಹುಟ್ಟಿದ ಭಾಷಾ ಅಲ್ಪಸಂಖ್ಯಾತರಿಗೂ ಅದು ಅಕ್ಷರಶಃ ಸಲ್ಲುತ್ತದೆ: ಬೆಳಗಾವಿಯ ಮರಾಠಿಗರು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು, ಕಾಸರಗೋಡಿನ ಕನ್ನಡಿಗರು. ಮುಂಬಯಿ ಸುತ್ತಿನ ಕನ್ನಡಿಗರದು ಇನ್ನೂ ಕಷ್ಟದ ಸ್ಥಿತಿ. ಡೊಂಬಿವಲಿ, ಕಲ್ಯಾಣ, ವಾಶಿ, ತುರ್ಭೆಗಳಲ್ಲಿ ಕರಾವಳಿಯ ಹೋಟೆಲಿನವರಿಂದ ಹಿಡಿದು ಉತ್ತರ ಕರ್ನಾಟಕದ ಕೂಲಿಕಾರರವರೆಗೆ ಕನ್ನಡಿಗರಿದ್ದಾರೆ. ಅವರು ಗಡಿಯಲ್ಲಿ ಒಟ್ಟಾಗಿಲ್ಲ, ಬಡಾವಣೆಗಳಲ್ಲಿ ಚದುರಿದ್ದಾರೆ. ಏಕಸದಸ್ಯ ಕ್ಷೇತ್ರದಲ್ಲಿ ಅವರ ಮತ ಯಾವುದೋ ದೊಡ್ಡ ಪಕ್ಷದ ಲೆಕ್ಕಕ್ಕೆ ಕೂಡುವ ಚಿಲ್ಲರೆ.

ಪ್ರಮಾಣಾನುಗುಣ ಪ್ರಾತಿನಿಧ್ಯ ಎಂಬ ಹೆಸರು ಈ ಭಾಗದಲ್ಲಿ ಇಂದಿಗೂ ಕಾಗದದ ಮೇಲಿದೆ. ಸಂವಿಧಾನದ 171ನೇ ವಿಧಿಯ ಪ್ರಕಾರ ವಿಧಾನ ಪರಿಷತ್ತಿನ ಚುನಾವಣೆಗಳು ಏಕ ವರ್ಗಾವಣೀಯ ಮತದಿಂದ ನಡೆಯಬೇಕು. ತುರ್ಭೆಯ ಪದವೀಧರರು ಕೊಂಕಣ ಪದವೀಧರ ಕ್ಷೇತ್ರಕ್ಕೆ ಹಾಗೆಯೇ ಪ್ರಾಶಸ್ತ್ಯದ ಅಂಕಿ ಬರೆದು ಮತ ಹಾಕುತ್ತಾರೆ. 2024ರಲ್ಲಿ ಅಲ್ಲಿ ನಿರಂಜನ ಡಾವಖರೆ ಗೆದ್ದರು. ಆದರೆ ಆರಿಸಬೇಕಾದದ್ದು ಒಬ್ಬರನ್ನೇ. ಒಂದೇ ಸ್ಥಾನವಿದ್ದಾಗ ಪ್ರಮಾಣಕ್ಕೆ ಎಡೆಯೆಲ್ಲಿ? ಅರ್ಧಕ್ಕಿಂತ ಹೆಚ್ಚು ಪಡೆದವರು ಗೆಲ್ಲುತ್ತಾರೆ ಅಷ್ಟೆ. ಕರ್ನಾಟಕದ ಪದವೀಧರ, ಶಿಕ್ಷಕ ಕ್ಷೇತ್ರಗಳದೂ ಇದೇ ಕಥೆ. ಅಪ್ಪಟ ಪ್ರಮಾಣದ ಲೆಕ್ಕ ನಡೆಯುವುದು ಶಾಸಕರೇ ಮತದಾರರಾದಾಗ: 2024ರ ಜುಲೈ 12ರಂದು ಮಹಾರಾಷ್ಟ್ರದ 274 ಶಾಸಕರು ಪರಿಷತ್ತಿನ 11 ಸ್ಥಾನಗಳಿಗೆ ಮತ ಹಾಕಿದಾಗ ಗೆಲುವಿನ ಕೋಟಾ 23. ಚರಿ ರೈತರ ಪರಂಪರೆಯಿಂದ ಬಂದ ಶೇತಕರಿ ಕಾಮಗಾರ ಪಕ್ಷದ ಜಯಂತ ಪಾಟೀಲರು ಆ ಸಲ ಸೋತರು. ಪ್ರಮಾಣಾನುಗುಣ ಪ್ರಾತಿನಿಧ್ಯ ಹೀಗೆ ಪದವೀಧರರ ಮತ್ತು ಶಾಸಕರ ಸವಲತ್ತಾಗಿ ಉಳಿದಿದೆ. ಕೂಲಿ ಮಾಡುವ ಮತದಾರನಿಗೆ ಅದಿಲ್ಲ.

ಅವನ ಪಾಲಿಗೆ ಬಂದದ್ದು ಪ್ರಭಾಗ ಪದ್ಧತಿ, ಅಂದರೆ ಪಾಲಿಕೆಯ ಬಹುಸದಸ್ಯ ವಾರ್ಡು. ಮಹಾರಾಷ್ಟ್ರ ತನ್ನ ಮಹಾನಗರ ಪಾಲಿಕೆಗಳಲ್ಲಿ 2002ರಲ್ಲಿ ತ್ರಿಸದಸ್ಯ, 2007ರಲ್ಲಿ ಏಕಸದಸ್ಯ, 2012ರಲ್ಲಿ ದ್ವಿಸದಸ್ಯ, 2017ರಲ್ಲಿ ಚತುಸ್ಸದಸ್ಯ ವಾರ್ಡುಗಳನ್ನು ಮಾಡುತ್ತ ಬಂದಿದೆ. ಮುಂಬಯಿ ನಗರ ಮಾತ್ರ ಹೊರಗೆ. 2026ರ ಜನವರಿ 15ರಂದು ನವಿ ಮುಂಬಯಿಯಲ್ಲೂ ನಾಲ್ಕು ಸದಸ್ಯರ ವಾರ್ಡುಗಳಲ್ಲಿ ಮತದಾನವಾಯಿತು. ಮತದಾರನಿಗೆ ನಾಲ್ಕು ಮತ, ಆದರೆ ಅ, ಬ, ಕ, ಡ ಎಂಬ ನಾಲ್ಕು ಸ್ಥಾನಕ್ಕೆ ಒಂದೊಂದೇ. ಅಂದರೆ 1951ರ ಕಲಮಿನ ಹಂಚಿಕೆ ಮತವೇ ಇನ್ನಷ್ಟು ಬಿಗಿಯಾಗಿ ಬಂದಿದೆ. ವಾರ್ಡಿನಲ್ಲಿ ಮುಂದಿರುವ ಪಕ್ಷ ನಾಲ್ಕನ್ನೂ ಗುಡಿಸಿಕೊಂಡು ಹೋಗಲು ಇದಕ್ಕಿಂತ ಸಲೀಸಾದ ದಾರಿಯಿಲ್ಲ.

ಬಹುಸದಸ್ಯ ವಾರ್ಡು ಈಗಾಗಲೇ ಇದೆ, ನಾಲ್ಕು ಮತವೂ ಇದೆ. ಸಂವಿಧಾನದ 243ಆರ್ ವಿಧಿ ಕೇಳುವುದು ವಾರ್ಡುಗಳಿಂದ ನೇರ ಚುನಾವಣೆಯನ್ನು ಮಾತ್ರ; ವಾರ್ಡಿಗೆ ಎಷ್ಟು ಸದಸ್ಯರು, ಮತ ಹೇಗೆ ಎಂಬುದನ್ನು ರಾಜ್ಯದ ಕಾಯ್ದೆಗೆ ಬಿಟ್ಟಿದೆ. ಮಹಿಳೆಯರ, ಪರಿಶಿಷ್ಟರ, ಹಿಂದುಳಿದವರ ಮೀಸಲಾತಿಯೊಂದಿಗೆ ಸಂಚಿತ ಮತ ಹೊಂದುವುದೇ ಎಂಬ ಅನುಮಾನಕ್ಕೆ 1937ರ ಮುಂಬಯಿ ಪ್ರಾಂತ್ಯವೇ ಉತ್ತರ: ಪರಿಶಿಷ್ಟರ 15 ಮತ್ತು ಮರಾಠರ 7 ಮೀಸಲು ಸ್ಥಾನಗಳು ಅದೇ ಬಹುಸದಸ್ಯ ಕ್ಷೇತ್ರಗಳ ಒಳಗಿದ್ದವು, ಮತ ಕೂಡಿಡುವ ಹಕ್ಕೂ ಇತ್ತು, ಬೆಳಗಾವಿಯಿಂದ ವರಾಳೆಯವರು ಆರಿಸಿ ಬಂದದ್ದೂ ಹಾಗೆಯೇ. ಆ ಹಕ್ಕು ಮರಳಿದರೆ ಇಂಥ ವಾರ್ಡಿನಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚಿರುವ ಯಾವ ಸಮುದಾಯವೂ, ಅವರು ಕನ್ನಡದ ಕೂಲಿಕಾರರಿರಲಿ, ಜಮೀನು ಕಳೆದುಕೊಂಡ ಆಗ್ರಿಗಳಿರಲಿ, ತಮ್ಮ ಒಬ್ಬರನ್ನು ಪಾಲಿಕೆಗೆ ಕಳಿಸಬಹುದು. ಅದಕ್ಕೆ ಬೇಕಾದದ್ದು ಮಹಾರಾಷ್ಟ್ರ ಮಹಾನಗರ ಪಾಲಿಕೆ ಅಧಿನಿಯಮಕ್ಕೆ ವಿಧಾನಮಂಡಲ ತರುವ ಒಂದು ತಿದ್ದುಪಡಿ.